ವ್ಯತ್ಯಾಸವೇ ಇಲ್ಲವಲ್ಲ!

"ಗಂಡಸರಿಗೂ ಹೆಂಗಸರಿಗೂ ಏನೂ ವ್ಯತ್ಯಾಸವೇ ಇಲ್ಲವಲ್ಲ!" ಸೋಮವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ.

ಹೊಸದಾಗಿ ಸೇರಿದವರಿಗೆ ಆರ್ ಅನ್ನುವ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಪುಟಕ್ಕೆ ಹಲವು ಟೈಮ್ ಸೀರೀಸ್ (ಕಾಲಕ್ರಮದ ಅಂಕಿಗಳ) ಗ್ರಾಫ್ ಹಾಕುವುದನ್ನು ತೋರಿಸುತ್ತಿದ್ದೆ. ತಗೊಂಡಿದ್ದು ಆರ್ ಜೊತೆಗೇ ಬರುವ ಡೇಟಾ. ಬ್ರಿಟನ್ನಿನಲ್ಲಿ 1974ರಿಂದ 1979ರವರೆಗೆ ಬ್ರಾಂಕೈಟಿಸ್, ಎಂಫಿಸೀಮಾ, ಆಸ್ತಮಾ ಎಂಬ ಶ್ವಾಸಕೋಶದ ಕಾಯಿಲೆಗಳಿಂದ ತಿಂಗಳು ತಿಂಗಳು ಸತ್ತವರ ಲೆಕ್ಕ. ಗಂಡಸರದು, ಹೆಂಗಸರದು ಬೇರೆ ಬೇರೆ. ಎರಡನ್ನೂ ಸೀಬೈಂಡ್ ಕಮಾಂಡ್‌ನಲ್ಲಿ ಜೋಡಿಸಿ, ಗ್ರಾಫ್ ಬಿಡಿಸುವ ಪ್ಲಾಟ್ ಕಮಾಂಡ್‌ಗೆ ಕೊಟ್ಟೆ. ಮೇಲೊಂದು, ಕೆಳಗೊಂದು ಬಂತು. ಚಳಿಗಾಲದಲ್ಲಿ ಏರು, ಬೇಸಿಗೆಯಲ್ಲಿ ಇಳಿ. ಥೇಟ್ ಅವಳಿಜವಳಿ.

ಆಗಲೇ ನಮ್ಮ ಸೀನಿಯರ್ ಒಬ್ಬರು ಹಿಂದಿನಿಂದ ಇಣುಕಿ ಹಾಗಂದಿದ್ದು. ಒಳ್ಳೆಯವರೇ. ಆದರೆ ಗೆರೆ ನೋಡಿದ ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ. ಪಕ್ಕದ ಅಂಕಿಗಳು ಅವರ ಪಾಲಿಗೆ ಬರೀ ಅಲಂಕಾರ. 1976ರ ಫೆಬ್ರವರಿಯಲ್ಲಿ ಗಂಡಸರು 2,750, ಹೆಂಗಸರು 1,141. ಆರ್ ಪ್ರತಿ ಗ್ರಾಫ್‌ಗೂ ಅದರದೇ ಸ್ಕೇಲ್ ಕೊಟ್ಟಿತ್ತು, ಅದಕ್ಕೇ ಎರಡೂ ಒಂದೇ ಎತ್ತರ ಕಂಡವು, ಅಷ್ಟೇ.

ಏನೂ ಹೇಳದೆ ಸ್ಕ್ರಿಪ್ಟ್ ಬದಲಿಸಿದೆ. ಪುಟದ ವಿನ್ಯಾಸ ಹೇಳುವ ಪಾರ್ ಕಮಾಂಡ್‌ನಲ್ಲಿ ಎಂಎಫ್‌ರೋ ಎರಡು ಸಾಲು, ಒಂದು ಕಾಲಂ. ಎರಡಕ್ಕೂ ಒಂದೇ ವೈಲಿಮ್ (ನಿಂತ ಅಕ್ಷದ ಮಿತಿ), ಸೊನ್ನೆಯಿಂದ 2,800.

ಹೆಂಗಸರ ಗೆರೆ ತಳಕ್ಕೆ ಇಳಿಯಿತು. "ಓಹೋ, ಹೆಂಗಸರಿಗೆ ಚಳಿ ಅಷ್ಟೇನೂ ತಟ್ಟಲ್ಲ, ಅಲ್ವಾ?" ಅಂದರು ಸೀನಿಯರ್.

ತಟ್ಟುತ್ತದೆ ಸಾರ್! ಅದೇ ವರ್ಷ ಆಗಸ್ಟ್‌ನಲ್ಲಿ ಸತ್ತ ಹೆಂಗಸರು 330. ಫೆಬ್ರವರಿಯದು ಅದರ ಮೂರು ಪಟ್ಟಿಗೂ ಜಾಸ್ತಿ. ಗಂಡಸರದು 970, ಅಲ್ಲಿ ಮೂರು ಪಟ್ಟೂ ಇಲ್ಲ. ಪಟ್ಟಿನ ಲೆಕ್ಕ ಕಾಣಲಿ ಅಂತ ಲಾಗ್ ಸ್ಕೇಲ್ ಹಾಕಿದೆ; ಅದರಲ್ಲಿ ಅಂಕಿ ಎಷ್ಟೇ ಇರಲಿ, ಅಷ್ಟೇ ಪಟ್ಟಿನ ಏರಿಕೆ ಅಷ್ಟೇ ಎತ್ತರ ಕಾಣುತ್ತದೆ. "ಲಾಗ್ ಬೇಡಪ್ಪಾ, ಮೇಲಿನವರಿಗೆ ಅರ್ಥ ಆಗಲ್ಲ" ಅಂದರು.

ಮೊದಲು ನಗು ಬಂತು. ಆಮೇಲೆ ಅನ್ನಿಸಿತು, ಅವರು ಪುಟ ಹೇಳಿದ್ದನ್ನೇ ಹೇಳಿದರು. ಎಲ್ಲವೂ ಒಂದೇ ಪುಟದಲ್ಲಿರಲಿ ಅನ್ನುವುದೇ ಒಮ್ಮೆ ಕಣ್ಣು ಹಾಯಿಸಿ ಹೋಲಿಸಲಿಕ್ಕೆ. ಹನ್ನೆರಡು ಗ್ರಾಫ್ ಇಟ್ಟು ಹನ್ನೆರಡು ಅಕ್ಷ ಓದಿ ಅಂದರೆ ಯಾರು ಓದುತ್ತಾರೆ? ಅದೇ ಆರ್‌ಗೆ ಸೇರಿಸಿಕೊಳ್ಳುವ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್‌ನ ಫೆಸೆಟ್ (ಒಂದೇ ಚಿತ್ರವನ್ನು ಹಲವು ಸಣ್ಣ ಗ್ರಾಫ್‌ಗಳಾಗಿ ಒಡೆಯುವ ಕಮಾಂಡ್) ಆಗಿದ್ದರೆ, ನಾವಾಗಿ ಕೇಳದ ಹೊರತು ಎಲ್ಲಕ್ಕೂ ಒಂದೇ ಸ್ಕೇಲ್. ಅಂದರೆ ಅವರ ಅಭಿಪ್ರಾಯ ಡೇಟಾದಿಂದ ಬಂದಿದ್ದಲ್ಲ, ನಾನು ಯಾವ ಕಮಾಂಡ್ ಟೈಪ್ ಮಾಡಿದೆ ಅನ್ನುವುದರಿಂದ ಬಂದಿದ್ದು. ಇದು ನನಗೆ ಸ್ವಲ್ಪ ಭಯವನ್ನೇ ಹುಟ್ಟಿಸಿತು.

ಮುಂದಿನ ವಾರ ಯುರೋಪಿನ ನಾಲ್ಕು ಷೇರು ಸೂಚ್ಯಂಕಗಳು. ಅಲ್ಲಿ ಒಂದೊಂದರ ಲೆಕ್ಕ ಶುರುವಾದ ದಿನವೇ ಬೇರೆ, ಎಲ್ಲಕ್ಕೂ ಒಂದೇ ಸ್ಕೇಲ್ ಹಾಕುವುದರಲ್ಲೇ ಅರ್ಥವಿಲ್ಲ. ಸಾರ್ ಆವತ್ತು ಮೊದಲಿಂದಲೇ ಕೂರ್ತಾರಂತೆ.