ಕೋಟೆ ಹತ್ತಿ, ಆಮೇಲೆ ಕಾಲೇಜಿನ ಚಾವಣಿ ಅಳೆಯಿರಿ

ಡಿಗ್ರಿ ಓದುವ ಎಲ್ಲರಿಗೂ ಪರಿಸರ ಅಧ್ಯಯನ ಕಡ್ಡಾಯ. 1991ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು ಇದು, ಫೀಲ್ಡ್ ವರ್ಕ್ ಕೂಡ ಇದೆ. ಆದರೆ ನಡೆಯೋದೇನು? ಗೂಗಲ್‌ನಿಂದ ಫೋಟೊ ಇಳಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟರೆ ಮುಗೀತು.

ಚಿತ್ರದುರ್ಗದಲ್ಲಿ ಕೂತು ಹೀಗೆ ಮಾಡೋದು ನನಗಂತೂ ಸುತಾರಾಂ ಒಪ್ಪಿಗೆಯಿಲ್ಲ. ಕೋಟೆ ಹತ್ತಿದರೆ ಪಾಠ ಕಣ್ಣೆದುರೇ ಇದೆ: ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಆಮೇಲೆ ಕೆಳಗೆ ಊರಲ್ಲಿರುವ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು.

ಇದನ್ನು ನೋಡಿ ಬಂದ ಹುಡುಗ್ರು ತಮ್ಮ ಕಾಲೇಜಿನ ಚಾವಣಿ ಅಳೆಯಲಿ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. 1000 ಚದರ ಮೀಟರ್ ಚಾವಣಿ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ 5 ಲಕ್ಷ ಲೀಟರ್. ಆವಿಯಾಗಿದ್ದು, ಸೋರಿದ್ದು ಅಂತ ಐದನೇ ಒಂದು ಭಾಗ ಕಳೆದರೂ 4 ಲಕ್ಷ ಉಳೀತು, ಅಲ್ವಾ? ಅದನ್ನು ಚರಂಡಿಗೆ ಬಿಟ್ಟು ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತೀವಿ.

ಸಿವಿಲ್‌ನವರು ಪೈಪಿನ ಇಳಿಜಾರು ನೋಡಲಿ, ಕಾಮರ್ಸ್‌ನವರು ಟ್ಯಾಂಕರ್ ಬಿಲ್ ಹಿಡಿದು ಕೂರಲಿ, ಕನ್ನಡ ಎಂ.ಎ. ಹುಡುಗ್ರು ಹೊಂಡದ ಅಕ್ಕಪಕ್ಕದ ಅಜ್ಜ-ಅಜ್ಜಿಯರನ್ನು ಮಾತಾಡಿಸಲಿ. ವರದಿ ನಾಲ್ಕೇ ಪುಟ ಇದ್ದರೂ ಸಾಕು. ಬೈಂಡಿಂಗಿಗೆ ಮಾರ್ಕ್ಸ್ ಕೊಡೋದನ್ನು ಮಾತ್ರ ಮೇಷ್ಟ್ರುಗಳು ನಿಲ್ಲಿಸಲಿ.