ಅಪವರ್ತನ ಅಂದ್ರೆ ಯಾವ ಅಪವರ್ತನ?

ಹತ್ತನೆಯ ಕ್ಲಾಸು, ಬೆಳಕಿನ ಪಾಠ. ವಿಡಿಯೋ ಮಲಯಾಳದ್ದು, ಕೂತವರು ಕನ್ನಡ ಮೀಡಿಯಂ ಮಕ್ಕಳು. ಕಾಸರಗೋಡಿನ ಮಕ್ಕಳಲ್ಲವೇ, ಪೇಟೆಯಲ್ಲಿ ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಾರೆ, ಅರ್ಥವಾದೀತು ಅಂತ ನನ್ನ ಲೆಕ್ಕ. ‘ಅಪವರ್ತನಂ’ ಅಂತ ಬಂದಾಗಲೆಲ್ಲ ಎಲ್ಲರೂ ತಲೆಯಾಡಿಸಿದರು. ವಿಡಿಯೋ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ಸ್ವರ: “ಟೀಚರ್, ಅದು ಗಣಿತದ್ದಲ್ವಾ?”

ಗಣಿತದ್ದೇ. ನಮ್ಮಲ್ಲಿ 12ರ ಅಪವರ್ತನಗಳು 1, 2, 3, 4, 6, 12. ಮಲಯಾಳದಲ್ಲಿ ಅಪವರ್ತನಂ ಅಂದರೆ ವಕ್ರೀಭವನ, ಗಾಳಿಯಿಂದ ನೀರಿಗೋ ಗಾಜಿಗೋ ಹೋಗುವಾಗ ಬೆಳಕು ಬಾಗುವುದು. ಗಾಜಿನ ಚಪ್ಪಡಿಯೊಳಗೆ ಮಕ್ಕಳು ಅಷ್ಟು ಹೊತ್ತು ಸಂಖ್ಯೆ ಹುಡುಕಿದ್ದರು. ಪೇಟೆಯ ಮಲಯಾಳ ಬೇರೆ, ಪಾಠಪುಸ್ತಕದ ಮಲಯಾಳ ಬೇರೆ; ಸಂಸ್ಕೃತದ ಒಂದೇ ಪದ ಎರಡು ಭಾಷೆಯಲ್ಲಿ ಎರಡು ಕೆಲಸಕ್ಕೆ ಸೇರಿಕೊಂಡಿರುವಲ್ಲಿ ಮೋಸ ಹೆಚ್ಚು. ಪರದೆ ಚೆನ್ನಾಗಿ ವಿವರಿಸುತ್ತದೆ, ಆದರೆ ಮಕ್ಕಳ ಮುಖ ನೋಡುವುದಿಲ್ಲ. ಅವತ್ತು ನಾನೂ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದೆ.

ಅದಕ್ಕೂ ಮೊದಲು ಪ್ರೊಜೆಕ್ಟರಿನಲ್ಲಿ ‘ನೋ ಸಿಗ್ನಲ್’ ಎಂದೇ ಹತ್ತು ನಿಮಿಷ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು (ವಿಂಡೋಸ್ ಬದಲಿನ ವ್ಯವಸ್ಥೆ) ಆದರೆ, ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಹಿಡಿದು ‘ಪಿ’ ಒತ್ತಿ ಮಿರರ್ ಆರಿಸಿದರೆ ಸಾಕು. ಚಿತ್ರ ಬಂದು ಸ್ವರ ಬಾರದಿದ್ದರೆ ಶಬ್ದ ಎಚ್‌ಡಿಎಂಐ ಕೇಬಲಿನಲ್ಲಿ ಪ್ರೊಜೆಕ್ಟರ್ ಕಡೆ ಹೋಗಿರುತ್ತದೆ. ಸೌಂಡ್ ಸೆಟ್ಟಿಂಗಿನ ಔಟ್‌ಪುಟ್‌ನಲ್ಲಿ ಸ್ಪೀಕರ್ ಆರಿಸಬೇಕು. ಹಳೆಯ ನುಡಿ ಫಾಂಟಿನ ನೋಟ್ಸ್ ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗುತ್ತದೆ. ಮನೆಯಲ್ಲೇ ಪಿಡಿಎಫ್ ಮಾಡಿ ತರುವುದು ಕ್ಷೇಮ. ತರಬೇತಿಯಲ್ಲಿ ಇವೆಲ್ಲ ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ.

ಈಗ ಇದೇ ಪಾಠಕ್ಕೆ ಮೊದಲು ಬರುವುದು ಸ್ಟೀಲ್ ಬಟ್ಟಲು. ತಳದಲ್ಲಿ ನಾಣ್ಯಕ್ಕೆ ಚೂರು ಮೇಣ ಅಂಟಿಸಬೇಕು, ಇಲ್ಲದಿದ್ದರೆ ನೀರಿಗೆ ಜಾರಿ ಪ್ರಯೋಗ ಕೆಡುತ್ತದೆ. ನಾಣ್ಯ ಅಂಚಿನ ಹಿಂದೆ ಮರೆಯಾಗುವವರೆಗೆ ಒಬ್ಬ ಹಿಂದೆ ಸರಿದು ನಿಲ್ಲಬೇಕು, ಇನ್ನೊಬ್ಬ ನಿಧಾನ ನೀರು ಹೊಯ್ಯಬೇಕು. ನಾಣ್ಯ ಮೇಲೆದ್ದು ಕಂಡಿತು ಅಂತ ಗಲಾಟೆಯಾದ ಮೇಲೆ ಪ್ರೊಜೆಕ್ಟರ್.

ಫೆಟ್ (PhET) ಜಾಲತಾಣದ ‘ಬೆಂಡಿಂಗ್ ಲೈಟ್’ ಎಂಬ ಪರದೆಯ ಮೇಲಿನ ಪ್ರಯೋಗವನ್ನು ಮೊದಲೇ ಇಳಿಸಿಟ್ಟರೆ ನೆಟ್ ಬೇಡ. ಲೇಸರ್ ಹಾಕುವ ಮೊದಲು ಪುಸ್ತಕದಲ್ಲಿ ಎಲ್ಲರೂ ಕಿರಣ ಎಳೆಯಬೇಕು: ಗಾಳಿಯಿಂದ ನೀರಿಗೆ, ಲಂಬಕ್ಕೆ (ನೀರಿನ ಮೇಲ್ಮೈಗೆ ನೆಟ್ಟಗೆ ಎಳೆದ ಗೆರೆಗೆ) 45°. ನೇರವಾಗಿ ಎಳೆದವರು, ಲಂಬದಿಂದ ಆಚೆ ಬಾಗಿಸಿದವರು ಇದ್ದೇ ಇರುತ್ತಾರೆ. ಅವರ ಪುಸ್ತಕವೇ ಆ ದಿನದ ಪಾಠ. ಆಮೇಲೆ ಲೇಸರ್: ನೀರಿನಲ್ಲಿ ಸುಮಾರು 32°, ಗಾಜಿನಲ್ಲಿ 28°.

ಪರದೆಯ ಪಕ್ಕದ ಗೋಡೆಗೆ ಈಗ ಒಂದು ಚಾರ್ಟ್ ಇದೆ. ಪ್ರತಿಪತನಂ – ಪ್ರತಿಫಲನ. ಅಪವರ್ತನಂ – ವಕ್ರೀಭವನ. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: 1, 2, 3, 4, 6, 12.