ಸಾರಿನ ತಟ್ಟೆಯ ಕವೆ ಮೂಳೆ

ಭಾನುವಾರ ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾಟಿ ಕೋಳಿ ಸಾರು, ಮುದ್ದೆ. "ಅಪ್ಪಾ, ಕೋಟೆಯ ಬಂಡೆಯೊಳಗೆ ಡೈನೋಸಾರ್ ಮೂಳೆ ಸಿಗುತ್ತದೆಯೇ?" ಎಂದು ಮಗಳು ಬೆಳಿಗ್ಗೆಯಿಂದ ಪೀಡಿಸುತ್ತಿದ್ದಳು. ಸಿಗುವುದಿಲ್ಲ ಮಗಳೇ. ಇಲ್ಲೇ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕಲ್ಲಿಗೇ ಸುಮಾರು 250 ಕೋಟಿ ವರ್ಷ. ಡೈನೋಸಾರ್‌ಗಳ ಕಾಲ ಮುಗಿದದ್ದು ಮೊನ್ನೆ ಮೊನ್ನೆ, 6.6 ಕೋಟಿ ವರ್ಷಗಳ ಹಿಂದೆ. ಅವುಗಳ ಮೂಳೆಗೆ ಗುಜರಾತಿನ ಬಾಲಾಸಿನೋರ್ ಕಡೆಗೆ ಹೋಗಬೇಕು.

ಅಷ್ಟರಲ್ಲಿ ಅವಳ ತಟ್ಟೆಗೆ ಕವೆಯಂಥ ಆ ಸಣ್ಣ ಮೂಳೆ ಬಿತ್ತು. ತೊಳೆದು ತೋರಿಸಿದೆ: ಎರಡು ಕೊರಳೆಲುಬುಗಳು ಬೆಸೆದು ಒಂದಾದದ್ದು. ಡೈನೋಸಾರ್‌ಗಳಿಗೆ ಕೊರಳೆಲುಬೇ ಇಲ್ಲ, ಹಾಗಾಗಿ ಅವು ಹಕ್ಕಿಗಳ ಪೂರ್ವಜರಲ್ಲ ಎಂದು 1926ರಲ್ಲಿ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಹೇಳಿಬಿಟ್ಟರು. ದಶಕಗಟ್ಟಲೆ ಅದೇ ಮಾತು ನಡೆಯಿತು. 1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಮ್ ಅವರಿಗೆ ಡೈನಾನಿಕಸ್ ಎಂಬ ಡೈನೋಸಾರ್‌ನ ಮೂಳೆಗಳು ಸಿಕ್ಕವು. ಅದರ ಮಣಿಕಟ್ಟು ಆದಿಪಕ್ಷಿ ಆರ್ಕಿಯಾಪ್ಟೆರಿಕ್ಸ್‌ನದನ್ನೇ ಹೋಲುತ್ತಿತ್ತು. 1996ರಲ್ಲಿ ಚೀನಾದಿಂದ ಗರಿಯಂಥ ಹೊದಿಕೆಯಿದ್ದ ಡೈನೋಸಾರ್ ಸುದ್ದಿಯೂ ಬಂತು. ಇಲ್ಲವೆಂದ ಕವೆ ಮೂಳೆ ಕೊನೆಗೆ ದೈತ್ಯ ಡೈನೋಸಾರ್ ಟಿ. ರೆಕ್ಸ್‌ನ ಎದೆಯಲ್ಲೇ ಸಿಕ್ಕಿತು! ಪಾಪ, ಹೈಲ್ಮನ್.

ಮಗಳು ಕೈ ತೊಳೆದು ಹಿತ್ತಿಲಿಗೆ ಹೋದಳು. ತಿಪ್ಪೆ ಕೆದರುತ್ತಿದ್ದ ಹುಂಜದ ಕಾಲನ್ನೇ, ಅದರ ಹುರುಪೆ, ಮುಂದಕ್ಕೆ ಚಾಚಿದ ಮೂರು ಬೆರಳನ್ನೇ ದಿಟ್ಟಿಸಿದಳು. ಅದೂ ಕತ್ತು ಓರೆ ಮಾಡಿ ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿತು. ಮುಂದಿನ ಭಾನುವಾರ ಅವರೆಕಾಳಿನ ಸಾರೇ ಕ್ಷೇಮವೆನ್ನಿಸುತ್ತಿದೆ.